ಮನೆಯಲ್ಲಿ ಒಂದು ಕೆ.ಜಿ. ಉಪ್ಪು ಎಷ್ಟು ದಿನ ಬರುತ್ತೆ? ಬಿಪಿ ಇರೋರು ಹಾಕಲೇಬೇಕಾದ ಲೆಕ್ಕ

ದಾವಣಗೆರೆ: ಮಾತ್ರೆ ತಪ್ಪದೆ ತಗೋತಾರೆ, ಆದ್ರೂ ಬಿಪಿ ಇಳಿಯಲ್ಲ. ಡಾಕ್ಟರು ಉಪ್ಪು ಕಮ್ಮಿ ಮಾಡಿ ಅಂದ್ರೆ, ‘ನಾನು ಊಟಕ್ಕೆ ಮೇಲುಪ್ಪು ಹಾಕ್ಕೊಳ್ಳೋದೇ ಇಲ್ಲ ಸಾರ್’ ಅಂತಾರೆ. ಇದು ಎಷ್ಟೋ ಮನೆಗಳ ಕಥೆ. ಅವರು ಹೇಳೋದು ಸುಳ್ಳಲ್ಲ. ಆದರೆ ತಟ್ಟೆ ಅಂಚಿಗೆ ಹಾಕಿಕೊಳ್ಳುವ ಉಪ್ಪಿಗಿಂತ ಸಾರು, ಚಟ್ನಿಪುಡಿ, ಉಪ್ಪಿನಕಾಯಿ, ಮಿರ್ಚಿ ಒಳಗೆ ಸೇರಿಕೊಂಡು ಬರುವ ಉಪ್ಪೇ ಜಾಸ್ತಿ.

ಉಪ್ಪಿನಲ್ಲಿರುವ ಸೋಡಿಯಂ ದೇಹದಲ್ಲಿ ನೀರು ಹಿಡಿದಿಡುತ್ತದೆ. ಇದರಿಂದ ರಕ್ತನಾಳಗಳ ಮೇಲೆ ಒತ್ತಡ ಹೆಚ್ಚುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಪೆಟ್ಟು ಬೀಳೋದು ಹೃದಯ, ಕಿಡ್ನಿಗೆ. ಲಕ್ವದ ಅಪಾಯವೂ ಹೆಚ್ಚು.

ಪ್ಯಾಕೆಟ್ ಮೇಲೆ ತಾರೀಖು ಬರೆಯಿರಿ

ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು. ಅಂದ್ರೆ ಸುಮಾರು ಒಂದು ಟೀ ಚಮಚ. ನಾಲ್ಕು ಜನರ ಮನೆಗೆ ದಿನಕ್ಕೆ 20 ಗ್ರಾಂ. ಈ ಲೆಕ್ಕದಲ್ಲಿ ಒಂದು ಕೆ.ಜಿ. ಪ್ಯಾಕೆಟ್ 50 ದಿನ ಬರಬೇಕು.

ಹೊಸ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆದಿಡಿ. 30 ದಿನಕ್ಕೇ ಖಾಲಿಯಾದರೆ ತಲೆಗೆ ದಿನಕ್ಕೆ 8 ಗ್ರಾಂ ದಾಟಿದೆ ಎಂದರ್ಥ. 25 ದಿನಕ್ಕೆ ಮುಗಿದರೆ 10 ಗ್ರಾಂ. ಹೋಟೆಲ್ ತಿಂಡಿ, ಬೇಕರಿ ಖಾರ, ಅಂಗಡಿಯಿಂದ ತಂದ ಹಪ್ಪಳ ಈ ಲೆಕ್ಕಕ್ಕೆ ಬಂದಿಲ್ಲ, ನೆನಪಿರಲಿ.

ಮನೆ ಅಡುಗೆಯಲ್ಲಿ ಏನು ಮಾಡಬಹುದು?

* ಒಂದೇ ದಿನ ಅರ್ಧಕ್ಕರ್ಧ ಇಳಿಸಬೇಡಿ. ಮನೆಮಂದಿ ಊಟ ಬಿಟ್ಟು ಏಳ್ತಾರೆ. ವಾರ ವಾರಕ್ಕೆ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿ. ಕೆಲವು ವಾರಗಳಲ್ಲಿ ನಾಲಿಗೆ ಹೊಂದಿಕೊಳ್ಳುತ್ತೆ.
* ಕೈ ಅಳತೆ ಬಿಡಿ, ಚಮಚದಲ್ಲಿ ಅಳೆದು ಹಾಕಿ.
* ಅನ್ನ, ಮುದ್ದೆ, ಚಪಾತಿ, ಜೋಳದ ರೊಟ್ಟಿಗೆ ಉಪ್ಪು ಬೇಕಾಗಿಲ್ಲ. ಪಲ್ಯ, ಸಾರಿನಲ್ಲಿ ಇದ್ದೇ ಇರುತ್ತೆ.
* ಸಪ್ಪೆ ಅನಿಸಿದರೆ ನಿಂಬೆಹಣ್ಣು, ಹುಣಸೆಹುಳಿ, ಬೆಳ್ಳುಳ್ಳಿ ಒಗ್ಗರಣೆ, ಜೀರಿಗೆ, ಮೆಣಸು, ಕೊತ್ತಂಬರಿ ಸೊಪ್ಪು ಬಳಸಿ. ಹುಳಿ, ಖಾರ ಸರಿಯಾಗಿದ್ದರೆ ಉಪ್ಪು ಕಮ್ಮಿ ಇರೋದು ಅಷ್ಟಾಗಿ ಗೊತ್ತಾಗಲ್ಲ.
* ಶೇಂಗಾ, ಅಗಸೆ ಚಟ್ನಿಪುಡಿ ಮಾಡುವಾಗಲೇ ಉಪ್ಪು ಇಳಿಸಿ. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ದಿನಾ ಬೇಡ, ಹಬ್ಬಕ್ಕಿರಲಿ.
* ಅಡುಗೆ ಸೋಡಾ ಕೂಡ ಸೋಡಿಯಂ. ಗ್ಯಾಸ್ ಅಂತ ನೀರಿಗೆ ಹಾಕಿ ಬುಸ್ ಅನ್ನಿಸಿ ಕುಡಿಯೋ ಪುಡಿಯೂ ಅಷ್ಟೇ. ಬಿಪಿ ಇರೋರು ದಿನಾ ಕುಡಿಯುವಂತಿಲ್ಲ.

ಹೋಟೆಲ್‌ಗೆ ಹೋದಾಗ

ದೋಸೆ, ಇಡ್ಲಿ ಹಿಟ್ಟಿಗೆ ಉಪ್ಪು ಮೊದಲೇ ಬಿದ್ದಿರುತ್ತೆ, ಅದನ್ನು ಬದಲಾಯಿಸೋಕೆ ಆಗಲ್ಲ. ನಮ್ಮ ಕೈಲಿರೋದು ಚಟ್ನಿ, ಸಾಂಬಾರ್. ಇಡ್ಲಿಯನ್ನು ಸಾಂಬಾರಿನಲ್ಲಿ ಮುಳುಗಿಸಿ ತಿನ್ನುವ ಬದಲು ಸಾಂಬಾರ್ ಬೇರೆ ಬಟ್ಟಲಲ್ಲಿ ಹಾಕಿಸಿಕೊಂಡು ಅದ್ದಿ ತಿನ್ನಿ. ಬೆಣ್ಣೆ ದೋಸೆ ಜೊತೆ ಎರಡನೇ ಸಲ ಚಟ್ನಿ ಕೇಳಬೇಡಿ.

ಮೀಲ್ಸ್ ಆದರೆ ಉಪ್ಪಿನಕಾಯಿ, ಹಪ್ಪಳ ಬೇಡ ಅಂತ ಮೊದಲೇ ಹೇಳಿ. ಎಲೆಗೆ ಬಿದ್ದ ಮೇಲೆ ಬಿಡೋದು ಕಷ್ಟ. ಮಸಾಲೆ ಮಜ್ಜಿಗೆ ಬದಲು ಉಪ್ಪು ಹಾಕದ ಮೊಸರು ಕೇಳಿ. ಆಮ್ಲೆಟ್, ನಿಂಬೆ ಶರಬತ್ತು, ಹೆಚ್ಚಿದ ಹಣ್ಣು ನಮ್ಮ ಕಣ್ಣೆದುರೇ ಮಾಡಿಕೊಡ್ತಾರೆ. ‘ಅಣ್ಣಾ, ಉಪ್ಪು ಬೇಡ’ ಅಂದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ. ಗೋಬಿ ಮಂಚೂರಿ, ನೂಡಲ್ಸ್‌ನಲ್ಲಿ ಉಪ್ಪಿನ ಜೊತೆಗೆ ಸೋಯಾ ಸಾಸ್, ಟೇಸ್ಟಿಂಗ್ ಪೌಡರ್ ಕೂಡ ಇರುತ್ತೆ. ಮೂರರಲ್ಲೂ ಸೋಡಿಯಂ ಇದೆ.

ಇನ್ನು ಸಂಜೆಯ ಮಂಡಕ್ಕಿ-ಮಿರ್ಚಿ. ಮಂಡಕ್ಕಿ ಹುರಿಯುವ ಮೊದಲೇ ಅಕ್ಕಿಗೆ ಉಪ್ಪುನೀರು ಹಿಡಿಸುವುದು ರೂಢಿ. ಮಿರ್ಚಿ ಹಿಟ್ಟಿಗೆ ಉಪ್ಪು, ಸೋಡಾ ಎರಡೂ ಬೀಳುತ್ತೆ. ದಾವಣಗೆರೆಯವರಿಗೆ ಇದನ್ನ ಬಿಡಿ ಅನ್ನೋದು ಆಗದ ಮಾತು! ದಿನಾ ತಿನ್ನೋರು ವಾರಕ್ಕೊಮ್ಮೆ ಮಾಡಿಕೊಳ್ಳಿ, ಅವತ್ತು ರಾತ್ರಿ ಊಟಕ್ಕೆ ಉಪ್ಪು ಕಮ್ಮಿ ಇರಲಿ.

ಪ್ಯಾಕೆಟ್ ತಿಂಡಿ ಕೊಳ್ಳುವಾಗ ಹಿಂಬದಿಯಲ್ಲಿ ಸೋಡಿಯಂ ಎಷ್ಟು ಮಿಲಿಗ್ರಾಂ ಅಂತ ನೋಡಿ. 400 ಮಿಲಿಗ್ರಾಂ ಸೋಡಿಯಂ ಅಂದ್ರೆ ಹತ್ತಿರ ಹತ್ತಿರ 1 ಗ್ರಾಂ ಉಪ್ಪು.

ಸೈಂಧವ ಲವಣ ತಿನ್ನಬಹುದಾ?

ಬಣ್ಣ ಬೇರೆ, ರೇಟು ಬೇರೆ. ಆದರೆ ಸೈಂಧವ ಲವಣದಲ್ಲೂ ಬಹುಪಾಲು ಇರೋದು ಅದೇ ಸೋಡಿಯಂ ಕ್ಲೋರೈಡ್. ಬಿಪಿಗೆ ಒಳ್ಳೇದು ಅಂತ ಧಾರಾಳವಾಗಿ ಹಾಕಿದರೆ ಪ್ರಯೋಜನವಿಲ್ಲ.

ಅಂಗಡಿಯಲ್ಲಿ ಸಿಗುವ ‘ಲೋ ಸೋಡಿಯಂ’ ಉಪ್ಪಿನಲ್ಲಿ ಸೋಡಿಯಂ ಬದಲು ಸ್ವಲ್ಪ ಭಾಗ ಪೊಟ್ಯಾಶಿಯಂ ಸೇರಿಸಿರುತ್ತಾರೆ. ಹಲವರಿಗೆ ಇದು ಉಪಯೋಗವೇ. ಆದರೆ ಕಿಡ್ನಿ ತೊಂದರೆ ಇರುವವರಿಗೆ, ಕೆಲವು ಬಿಪಿ, ಹೃದಯದ ಮಾತ್ರೆ ತಗೊಳ್ಳುವವರಿಗೆ ರಕ್ತದಲ್ಲಿ ಪೊಟ್ಯಾಶಿಯಂ ಏರಿ ಹೃದಯದ ಬಡಿತವೇ ಏರುಪೇರಾಗಬಹುದು. ಡಾಕ್ಟರನ್ನು ಕೇಳದೆ ಮನೆಗೆ ತರಬೇಡಿ.

ಉಪ್ಪು ಪೂರ್ತಿ ಬಿಡೋದೂ ತಪ್ಪು. ವಾಂತಿ-ಭೇದಿ ಆದಾಗ, ವಯಸ್ಸಾದವರು ಮೂತ್ರ ಹೋಗುವ ಮಾತ್ರೆ ನುಂಗುತ್ತಿದ್ದಾಗ ಸೋಡಿಯಂ ತೀರಾ ಇಳಿದು ಸುಸ್ತು, ಗೊಂದಲ ಶುರುವಾಗಬಹುದು. ಹಾಗಾದರೆ ತಡ ಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಉಪ್ಪು ಕಮ್ಮಿ ಮಾಡಿದೆ ಅಂತ ಬಿಪಿ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಮುಂದಿನ ಸಲ ಬಿಪಿ ತೋರಿಸೋಕೆ ಹೋದಾಗ ಮಾತ್ರೆ ಚೀಟಿ ಜೊತೆಗೆ ನಿಮ್ಮ ಉಪ್ಪಿನ ಪ್ಯಾಕೆಟ್ ಎಷ್ಟು ದಿನ ಬಂತು ಅನ್ನೋದನ್ನೂ ಡಾಕ್ಟರಿಗೆ ಹೇಳಿ.