ಪ್ರೈಮರ್ ಚಿಕ್ಕದಾದ್ರೆ ಮದ್ದು ಜಾಸ್ತಿ ಹಾಕ್ಬೇಕಾ?

ಇವತ್ತಿನ ವಿಷಯ ಅಮೆರಿಕದ್ದು. ಅಲ್ಲಿ ಪಿಸ್ತೂಲಿನಲ್ಲಿ ಗುರಿ ಅಭ್ಯಾಸ ಮಾಡೋ ಎಷ್ಟೋ ಜನ, ಹಾರಿಸಿದ ತೋಟೆಯ ಹಿತ್ತಾಳೆ ಕೇಸನ್ನ ಬಿಸಾಕಲ್ಲ. ಹೊಸ ಪ್ರೈಮರ್, ಮದ್ದು, ಬುಲೆಟ್ ಹಾಕಿ ಮನೆಯಲ್ಲೇ ಮತ್ತೆ ತುಂಬ್ತಾರೆ. ಇದೇ ರೀಲೋಡಿಂಗ್. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸೋದು 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಅಪರಾಧ. ಹಾಗಾಗಿ ತಿಳ್ಕೊಳ್ಳೋಕೆ ಕೇಳಿ, ಮಾಡೋಕಲ್ಲ.

ಮಲೆನಾಡಿನವರಿಗೆ ಕೇಪಿನ ಕೋವಿ ಗೊತ್ತಿರುತ್ತೆ. ಆ ಕೇಪು ಮಾಡೋ ಕೆಲಸವನ್ನೇ ಪ್ರೈಮರ್ ತೋಟೆಯ ಬುಡದಲ್ಲಿ ಕೂತು ಮಾಡುತ್ತೆ: ಏಟು ಬಿದ್ದ ತಕ್ಷಣ ಕಿಡಿ ಕಾರಿ ಮದ್ದಿಗೆ ಬೆಂಕಿ ಹಚ್ಚೋದು. ಪಿಸ್ತೂಲಿಗೆ ಎರಡು ಸೈಜ್. ಸ್ಮಾಲ್ ಅಂದ್ರೆ 0.175 ಇಂಚು ಅಗಲ, ಲಾರ್ಜ್ ಅಂದ್ರೆ 0.210. 9 ಎಂಎಂಗೆ ಸ್ಮಾಲ್, .44 ಮ್ಯಾಗ್ನಮ್‌ಗೆ ಲಾರ್ಜ್. ಗೊಂದಲ ಇರೋದು .45 ಎಸಿಪಿಯಲ್ಲಿ. ದಶಕಗಳ ಕಾಲ ಅದಕ್ಕೆ ಲಾರ್ಜ್ ಪ್ರೈಮರ್ ಇತ್ತು. ಆಮೇಲೆ ಸೀಸ ಇಲ್ಲದ ಪ್ರೈಮರ್ ಬಂದಾಗ ಕೆಲವು ಕಂಪನಿಗಳು ಸ್ಮಾಲ್ ಪ್ರೈಮರ್ ಕೂರೋ ಕೇಸ್ ಮಾಡಿದವು. ಈಗ ಎರಡೂ ಬೆರೆತಿವೆ.

ಅಷ್ಟೇ ಮದ್ದು ಹಾಕಿ ಸ್ಮಾಲ್ ಪ್ರೈಮರ್ ಕೂರಿಸಿದ್ರೆ ಸಾಮಾನ್ಯವಾಗಿ ಬುಲೆಟ್ ವೇಗ ಸ್ವಲ್ಪ ಇಳಿಯುತ್ತೆ. ಬೇಗ ಉರಿಯೋ ಮದ್ದಾದ್ರೆ ವ್ಯತ್ಯಾಸ ಕಾಣದೆಯೂ ಇರಬಹುದು. ಆಗ ಬರೋ ಯೋಚನೆ, ‘ಒಂಚೂರು ಮದ್ದು ಸೇರಿಸಿದ್ರೆ ಸರಿಹೋಗುತ್ತಲ್ಲ?’

ಇಲ್ಲೇ ಲೆಕ್ಕ ತಪ್ಪೋದು. ಮದ್ದು ಉರಿಯೋದು ಸರಳ ಬಡ್ಡಿ ಥರ ಅಲ್ಲ, ಚಕ್ರಬಡ್ಡಿ ಥರ. ಒತ್ತಡ ಏರಿದಷ್ಟೂ ಮದ್ದು ಇನ್ನೂ ಜೋರಾಗಿ ಉರಿಯುತ್ತೆ, ಅದರಿಂದ ಒತ್ತಡ ಮತ್ತೆ ಏರುತ್ತೆ. ಕ್ರೋನೋಗ್ರಾಫ್ ವೇಗ ತೋರಿಸುತ್ತೆ, ಒತ್ತಡ ತೋರಿಸಲ್ಲ. .45 ಎಸಿಪಿಗೆ ಅಮೆರಿಕದ ಉದ್ಯಮ ಮಾನದಂಡದ ಮಿತಿ ಚದರ ಇಂಚಿಗೆ 21,000 ಪೌಂಡ್. 9 ಎಂಎಂಗಾದ್ರೆ 35,000. ಅಂದ್ರೆ ಪ್ರೈಮರ್ ಚಪ್ಪಟೆಯಾಗೋ ಥರದ ಎಚ್ಚರಿಕೆ ಕಾಣೋಷ್ಟರಲ್ಲಿ .45 ತನ್ನ ಮಿತಿ ದಾಟಿ ಬಹಳ ದೂರ ಹೋಗಿರಬಹುದು.

ಉಲ್ಟಾ ಬದಲಾವಣೆ ಇನ್ನೂ ಅಪಾಯ. ಸ್ಮಾಲ್‌ನಲ್ಲಿ ಗರಿಷ್ಠ ಮದ್ದಿಗೆ ಹೊಂದಿಸ್ಕೊಂಡು, ಆಮೇಲೆ ಅದೇ ತೂಕಕ್ಕೆ ಲಾರ್ಜ್ ಅಥವಾ ಮ್ಯಾಗ್ನಮ್ ಪ್ರೈಮರ್ ಹಾಕೋದು. 2020-21ರಲ್ಲಿ ಅಲ್ಲಿ ಪ್ರೈಮರ್‌ಗೆ ಬರ ಬಂದಿತ್ತು, ಸಿಕ್ಕಿದ್ದನ್ನ ಕೊಳ್ಳೋ ಪರಿಸ್ಥಿತಿ. ಕೊಂಡದ್ದು ತಪ್ಪಲ್ಲ. ಆದ್ರೆ ಹಳೇ ತೂಕವನ್ನೇ ಮುಂದುವರಿಸಬಾರದು. ಮದ್ದಿನ ಕಂಪನಿಯ ಕೈಪಿಡಿಯಲ್ಲಿ ಪ್ರತಿ ಲೆಕ್ಕದ ಜೊತೆ ಪರೀಕ್ಷೆಗೆ ಬಳಸಿದ ಪ್ರೈಮರ್ ಯಾವುದು ಅಂತಲೂ ಇರುತ್ತೆ, ಸುಮ್ನೆ ಹಾಕಿರಲ್ಲ. ಪ್ರೈಮರ್ ಬದಲಾಯ್ತಾ, ಅಲ್ಲಿ ಕೊಟ್ಟಿರೋ ಆರಂಭದ ತೂಕಕ್ಕೆ ವಾಪಸ್ ಹೋಗಿ, ಅಲ್ಲಿಂದ ಸ್ವಲ್ಪ ಸ್ವಲ್ಪವೇ ಏರಿಸಿ ನೋಡ್ಬೇಕು. ಕೈಪಿಡಿಯ ಗರಿಷ್ಠ ಮಿತಿ ಮಾತ್ರ ದಾಟೋ ಹಾಗಿಲ್ಲ, ವೇಗ ಸಾಲದೇ ಇದ್ರೂನೂ.

ಇನ್ನೊಂದು, ತುಂಬೋಕೆ ಮುಂಚೆ ಕೇಸ್‌ಗಳನ್ನ ಒಂದೊಂದಾಗಿ ತಿರುಗಿಸಿ ಬುಡ ನೋಡಿ ಬೇರೆ ಮಾಡ್ಬೇಕು. ಬೇಸರದ ಕೆಲಸ, ನಿಜ. ಆದ್ರೆ ಲಾರ್ಜ್ ಪ್ರೈಮರನ್ನ ಸ್ಮಾಲ್ ಗುಳಿಗೆ ಒತ್ತಿದ್ರೆ ಅದು ಜಜ್ಜಿಹೋಗುತ್ತೆ, ಕೆಲವೊಮ್ಮೆ ಯಂತ್ರದ ಮೇಲೇ ಸಿಡಿಯುತ್ತೆ. ಪಕ್ಕದ ಕೊಳವೆಯಲ್ಲಿ ಇನ್ನೂ ಹತ್ತಾರು ಪ್ರೈಮರ್ ಸಾಲಾಗಿ ಕೂತಿರುತ್ತವೆ.