ಶಿಬಿರಕ್ಕೆ ಬೇಕು ಸಂಜೆಯ ಮಾಸ್ತರರು

ಚೆನ್ನೈ: 1983ರ ಗಲಭೆಯ ಬಳಿಕ ದೋಣಿಯೇರಿ ಬಂದ ಶ್ರೀಲಂಕಾ ತಮಿಳರಿಗೆ ತಮಿಳುನಾಡಿನ ಶಿಬಿರಗಳಲ್ಲಿ ಸೂರು, ಅಕ್ಕಿ, ಮಾಸಿಕ ಸಹಾಯಧನ ದೊರೆಯಿತು. ಆದರೆ ಇಡೀ ಕುಟುಂಬಕ್ಕೆ ಒಂದೇ ಕೋಣೆಯಾದರೆ ಮಕ್ಕಳು ಓದುವುದೆಲ್ಲಿ? ವಿಯೆಟ್ನಾಂ ನಿರಾಶ್ರಿತರ ಸಂಕಷ್ಟ ಕಂಡು ಫಾದರ್ ಪೆದ್ರೊ ಅರೂಪೆ 1980ರಲ್ಲಿ ಸ್ಥಾಪಿಸಿದ ಕ್ರೈಸ್ತ ಸೇವಾಸಂಸ್ಥೆ ಜೆಸ್ವಿಟ್ ರೆಫ್ಯೂಜಿ ಸರ್ವಿಸ್ 1990ರಿಂದ ಇಲ್ಲಿ ಸಂಜೆ ಪಾಠಕ್ಕೆ ಒತ್ತುಕೊಟ್ಟಿತು. ಒಮ್ಮೆ ಬಟ್ಟೆಬರೆ ಹಂಚಿ, ಫೋಟೋ ತೆಗೆಸಿ ಮರಳುವವರಿಗಿಂತ ತಪ್ಪದೆ ಬಂದು ಲೆಕ್ಕ, ಇಂಗ್ಲಿಷ್ ಹೇಳಿಕೊಡುವವರೇ ಶಿಬಿರಕ್ಕೆ ಬೇಕಾದವರು. ಶಿಬಿರದಲ್ಲೇ ಬೆಳೆದ ಯುವಕ ಯುವತಿಯರೂ ಪಾಠ ಹೇಳುತ್ತಾರೆ. ಪದವಿ ಪಡೆದರೂ ಪೌರತ್ವವಿಲ್ಲದವರಿಗೆ ಸರಕಾರಿ ನೌಕರಿಯಿಲ್ಲ. 2019ರ ಪೌರತ್ವ ತಿದ್ದುಪಡಿ ಕಾಯಿದೆಯಲ್ಲಿ ಶ್ರೀಲಂಕಾ ಸೇರಿಲ್ಲ. ಸೇವಾಸಕ್ತ ಸಂಘದವರು ಗಮನಿಸಬೇಕಾದುದು: ಶಿಬಿರದೊಳಗೆ ಹೊರಗಿನವರಿಗೆ ನೇರ ಪ್ರವೇಶವಿಲ್ಲ, ಅಧಿಕಾರಿಗಳ ಅನುಮತಿ ಪಡೆದೇ ಹೋಗಬೇಕು.