ಎಪ್ಪತ್ತರಲ್ಲಿ ಇಪ್ಪತ್ತೆರಡು ಎಲ್ಲಿ ಹೋಯಿತು?

ಪೀಣ್ಯದ ಕಾರ್ಖಾನೆಯೊಂದಕ್ಕೆ ದಿನವೂ ಬೈಕಿನಲ್ಲಿ ಹೋಗಿಬರುವ ಓದುಗರೊಬ್ಬರ ಪ್ರಶ್ನೆ ಇದು: "ಕಂಪನಿಯವರು ಲೀಟರಿಗೆ 70 ಕಿ.ಮೀ. ಅಂತಾರೆ. ನನಗೆ 48ರ ಮೇಲೆ ಬಂದದ್ದೇ ಇಲ್ಲ. ಎಲ್ಲಾ ಎಥೆನಾಲ್ ಮಹಿಮೆ ಅಂತಾನೆ ಮೆಕ್ಯಾನಿಕ್. ಉಳಿದ 22 ಎಲ್ಲಿ ಹೋಯ್ತು ಸಾರ್?"

ಪ್ರಶ್ನೆಯಲ್ಲಿರುವ ಸಂಕಟ ಎಲ್ಲರಿಗೂ ಗೊತ್ತಿರುವಂಥದ್ದೇ. ರಾಜ್ಯದಲ್ಲಿ ಪೆಟ್ರೋಲು ನೂರರ ಗಡಿ ಮುಟ್ಟಿದ್ದು 2021ರಲ್ಲಿ. 2024ರ ಜೂನ್‌ನಲ್ಲಿ ಮಾರಾಟ ತೆರಿಗೆ ಶೇ 25.92ರಿಂದ 29.84ಕ್ಕೆ ಏರಿದಾಗ ಬೆಂಗಳೂರಿನಲ್ಲಿ ಒಂದೇ ದಿನ ಮೂರು ರೂಪಾಯಿ ಹೆಚ್ಚಾಗಿ ಬೆಲೆ 102 ರೂಪಾಯಿ 84 ಪೈಸೆಗೆ ಹೋಗಿ ಕೂತಿತು. ಆ ಬೆಲೆಗೆ, ಎಪ್ಪತ್ತು ಸಿಗಬೇಕಾದಲ್ಲಿ ನಲವತ್ತೆಂಟೇ ಸಿಕ್ಕರೆ ಪ್ರತಿ ಲೀಟರಿನಲ್ಲೂ 32 ರೂಪಾಯಿ ಗಾಳಿಗೆ ಹೋದಂತೆ. ಗಾಳಿಗೆ ಅಂದದ್ದು ಬರೀ ಮಾತಿಗಲ್ಲ, ಅದರಲ್ಲಿ ಒಳ್ಳೆಯ ಪಾಲು ಹೋಗುವುದು ನಿಜಕ್ಕೂ ಗಾಳಿಗೇ.

ಕಂಪನಿಯ ಸಂಖ್ಯೆ ಸುಳ್ಳಲ್ಲ. ಆದರೆ ಅದು ಹುಟ್ಟಿದ್ದು ಪ್ರಯೋಗಾಲಯದ ಉರುಳೆಗಳ ಮೇಲೆ. ಅಲ್ಲಿ ಬೈಕು ನಿಂತಲ್ಲೇ ಓಡುತ್ತದೆ. ಯಾವ ಕ್ಷಣದಲ್ಲಿ ಎಷ್ಟು ವೇಗ ಎಂಬುದು ಮೊದಲೇ ಬರೆದಿಟ್ಟ ಪಟ್ಟಿಯಂತೆ. ಗುಂಡಿ ಇಲ್ಲ, ಹಿಂದೆ ಕೂತವರಿಲ್ಲ, ಟೈರಿನ ಗಾಳಿ ಅಳೆದು ತುಂಬಿದ್ದು. ಎರಡು ಬೈಕುಗಳನ್ನು ಹೋಲಿಸಲು ಆ ಪರೀಕ್ಷೆ ಬೇಕೇ ಬೇಕು. ನಮ್ಮ ರಸ್ತೆಯ ಭವಿಷ್ಯ ಹೇಳಲು ಅದು ಇರುವುದಲ್ಲ.

ಈಗ ಕಾಗದ, ಪೆನ್ಸಿಲ್ ತೆಗೆದುಕೊಳ್ಳೋಣ. ಬೈಕು ಮತ್ತು ಸವಾರ ಸೇರಿ 180 ಕಿಲೊ ಎಂದಿಟ್ಟುಕೊಳ್ಳಿ. ಸಮತಟ್ಟು ರಸ್ತೆಯಲ್ಲಿ ಒಂದೇ ವೇಗದಲ್ಲಿ ಸಾಗುವಾಗ ಬೈಕನ್ನು ಹಿಂದಕ್ಕೆ ಎಳೆಯುವುದು ಎರಡೇ ಬಲ. ಒಂದು ಟೈರು ಉರುಳುವಾಗಿನ ತಡೆ, ಅದು ಸುಮಾರು 30 ನ್ಯೂಟನ್. ವೇಗ ಹೆಚ್ಚಿದರೂ ಇದು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಇನ್ನೊಂದು ಗಾಳಿಯ ತಡೆ. ಇದು ಮಾತ್ರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 45 ಕಿ.ಮೀ.ನಲ್ಲಿ ಸುಮಾರು 47 ನ್ಯೂಟನ್, 60ರಲ್ಲಿ 83, 80ರಲ್ಲಿ 148. ಒಂದು ಲೀಟರ್ ಪೆಟ್ರೋಲಿನಲ್ಲಿರುವ ಶಕ್ತಿ ಸುಮಾರು 32 ಮೆಗಾಜೂಲ್. ಅದರಲ್ಲಿ ಚಕ್ರದವರೆಗೆ ತಲುಪುವುದು ಐದರಲ್ಲಿ ಒಂದು ಪಾಲು ಎಂದು ಹಿಡಿಯಿರಿ. ಮಿಕ್ಕದ್ದು ಸೈಲೆನ್ಸರಿನಲ್ಲಿ, ಸಿಲಿಂಡರಿನ ರೆಕ್ಕೆಗಳಲ್ಲಿ ಶಾಖವಾಗಿ ಹೋಗಿಬಿಡುತ್ತದೆ. ಭಾಗಾಕಾರ ಮಾಡಿದರೆ 45ರ ವೇಗದಲ್ಲಿ ಲೀಟರಿಗೆ 83 ಕಿ.ಮೀ., 60ರಲ್ಲಿ 57, 80ರಲ್ಲಿ ಬರೀ 36!

ಇದು ಒರಟು ಲೆಕ್ಕ. ನಿಜವಾದ ರಸ್ತೆಯಲ್ಲಿ ಇಳಿತ ಇಷ್ಟು ಕಡಿದಾಗಿರುವುದಿಲ್ಲ. ಕಾರಣ ಕುತೂಹಲದ್ದು. ಮೇಲಿನ ಅಂಕಿಗಳ ಪ್ರಕಾರ 45ರ ವೇಗಕ್ಕೆ ಚಕ್ರಕ್ಕೆ ಬೇಕಾದ ಶಕ್ತಿ ಒಂದು ಕಿಲೊವಾಟಿಗೂ ಕಡಿಮೆ, ಸುಮಾರು 1.3 ಅಶ್ವಶಕ್ತಿ. ನಮ್ಮ 100 ಸಿಸಿ ಬೈಕುಗಳ ತಾಕತ್ತು ಎಂಟು ಅಶ್ವಶಕ್ತಿಯ ಆಸುಪಾಸು. ಅಂದರೆ ಎಂಜಿನ್ನಿನ ಆರನೇ ಒಂದು ಪಾಲಿಗೆ ಮಾತ್ರ ಕೆಲಸ. ಹೆಚ್ಚಿನ ತಾಕತ್ತು ಹೊರಬರದಂತೆ ಥ್ರಾಟಲ್ ಎಂಜಿನ್ನಿನ ಉಸಿರನ್ನೇ ಹಿಡಿದಿರುತ್ತದೆ. ಕುಲುಮೆಯ ತಿದಿಯನ್ನು ನೆನೆಸಿಕೊಳ್ಳಿ. ಗಾಳಿ ಒಳಬರುವ ತೂತಿಗೆ ಒದ್ದೆ ಬಟ್ಟೆ ತುರುಕಿ ತಿದಿ ಎತ್ತಲು ಹೋದರೆ ಕಮ್ಮಾರನ ತೋಳು ಸೋಲುತ್ತದೆ, ಬೆಂಕಿಗೆ ಗಾಳಿಯೂ ಸಿಗುವುದಿಲ್ಲ. ಅರೆಮುಚ್ಚಿದ ಥ್ರಾಟಲಿನ ಹಿಂದೆ ಪಿಸ್ಟನ್ ಮಾಡುವುದು ಅದೇ ಕೆಲಸ. ಪ್ರತಿ ಸಲ ಕೆಳಗಿಳಿಯುವಾಗಲೂ ಅರೆ ನಿರ್ವಾತದ ವಿರುದ್ಧ ಜಗ್ಗಬೇಕು, ಆ ಜಗ್ಗಾಟಕ್ಕೂ ಪೆಟ್ರೋಲೇ ಸುಡಬೇಕು. ದೊಡ್ಡ ತಿದಿಯಾದರೆ ಜಗ್ಗಾಟವೂ ದೊಡ್ಡದು. 350 ಸಿಸಿಯ ಬೈಕು ಅದೇ 45ರಲ್ಲಿ ಅದೇ ರಸ್ತೆಯಲ್ಲಿ ಹೆಚ್ಚು ಕುಡಿಯಲು ತೂಕಕ್ಕಿಂತ ಮುಖ್ಯ ಕಾರಣ ಇದು. ವೇಗ ಹೆಚ್ಚಿಸಿದಂತೆ ಥ್ರಾಟಲ್ ತೆರೆದುಕೊಂಡು ತಿದಿ ಸಲೀಸಾಗುತ್ತದೆ. ಗಾಳಿಗೆ ಕಳೆದುಕೊಂಡದ್ದರಲ್ಲಿ ಒಂದಿಷ್ಟು ಹೀಗೆ ವಾಪಸಾಗುತ್ತದೆ. ನಿಧಾನವಾಗಿ ಹೋದಷ್ಟೂ ಉಳಿತಾಯ ಎನ್ನುವವರಿಗೂ ಉತ್ತರ ಇಲ್ಲೇ ಇದೆ. 20ರಲ್ಲಿ ತೆವಳಿದರೆ ಗಾಳಿಯ ತಡೆ ಇಲ್ಲವೆನ್ನುವಷ್ಟು ಕಡಿಮೆ, ಆದರೆ ಎಂಜಿನ್ ತನ್ನನ್ನು ತಾನು ತಿರುಗಿಸಿಕೊಳ್ಳುವುದರಲ್ಲೇ ಪೆಟ್ರೋಲು ಮುಗಿಸುತ್ತದೆ. ನಮ್ಮ ಸಣ್ಣ ಬೈಕುಗಳಿಗೆ ಹಿತವಾದದ್ದು ಟಾಪ್ ಗೇರಿನಲ್ಲಿ 40ರಿಂದ 50.

ಪೀಣ್ಯದ ದಾರಿಯಲ್ಲಿ ಒಂದೇ ವೇಗ ಎಲ್ಲಿಂದ ಬರಬೇಕು? 180 ಕಿಲೊವನ್ನು ಸೊನ್ನೆಯಿಂದ 40ಕ್ಕೆ ಏರಿಸಲು 11 ಕಿಲೊಜೂಲ್ ಬೇಕು. ಬ್ರೇಕ್ ಒತ್ತಿದೊಡನೆ ಅಷ್ಟೂ ಬಿಸಿಯಾಗಿ ಡ್ರಮ್ಮಿಗೆ ಸೇರುತ್ತದೆ. 45ರ ವೇಗದಲ್ಲಿ 140 ಮೀಟರಿಗೂ ಹೆಚ್ಚು ದೂರ ಸಾಗುವಷ್ಟು ಶಕ್ತಿ ಅದು. ಕಿಲೊಮೀಟರಿಗೆ ಮೂರು ಸಲ ಹೀಗೆ ನಿಂತು ಹೊರಟರೆ ದಾರಿಯ ಖರ್ಚಿನ ಮೇಲೆ ಶೇ 40ಕ್ಕಿಂತ ಹೆಚ್ಚು ಸುಂಕ ಬಿದ್ದಂತೆ. ಕೆಳಗಿನ ಗೇರುಗಳಲ್ಲಿ ಎಂಜಿನ್ನಿನ ದಕ್ಷತೆ ಐದನೇ ಒಂದರಿಂದ ಆರನೇ ಒಂದಕ್ಕೆ ಇಳಿಯಿತು ಎನ್ನಿ, ಲೆಕ್ಕ ಐವತ್ತರ ಹತ್ತಿರ ಬಂದು ನಿಲ್ಲುತ್ತದೆ. ಸಿಗ್ನಲ್ಲುಗಳಲ್ಲಿ ಆಫ್ ಮಾಡದೆ ನಿಂತದ್ದನ್ನು ಇನ್ನೂ ಕಳೆದಿಲ್ಲ. ಓದುಗರ 48 ಸಿಕ್ಕಿತಲ್ಲ! ದೂರದಲ್ಲಿ ಕೆಂಪು ದೀಪ ಕಂಡ ಕೂಡಲೇ ಕಿವಿ ಹಿಂಡುವುದನ್ನು ಬಿಟ್ಟು ತೇಲಿಕೊಂಡು ಹೋಗುವವನಿಗೂ, ದೀಪದ ಬುಡದವರೆಗೆ ಜೋರಾಗಿ ಹೋಗಿ ಬ್ರೇಕ್ ತುಳಿಯುವವನಿಗೂ ನಡುವಿನ ವ್ಯತ್ಯಾಸ ಈ 11 ಕಿಲೊಜೂಲ್. ಬಂಕಿನಲ್ಲಿ ಹತ್ತು ಪೈಸೆಗೆ ಜಗಳ ಆಡುವವರೇ ಸಿಗ್ನಲ್ಲಿನಲ್ಲಿ ಇದನ್ನು ಧಾರಾಳವಾಗಿ ದಾನ ಮಾಡುವುದನ್ನು ಕಂಡಿದ್ದೇನೆ.

ಗಾಳಿಯ ವಿಷಯ ಇನ್ನೂ ಮುಗಿದಿಲ್ಲ. ಗದಗದಿಂದ ಹುಬ್ಬಳ್ಳಿಗೆ ಆಷಾಢದಲ್ಲಿ ಬೈಕ್ ಓಡಿಸಿದವರಿಗೆ ಪಡುವಣ ಗಾಳಿ ಎದೆಗೆ ಗುದ್ದುವ ಅನುಭವ ಹೇಳಿಕೊಡಬೇಕಿಲ್ಲ. ಎದುರುಗಾಳಿ ಗಂಟೆಗೆ 15 ಕಿ.ಮೀ. ಇದ್ದರೆ 45ರಲ್ಲಿ ಹೋಗುವ ಸವಾರ ಗಾಳಿಯ ಪಾಲಿಗೆ 60ರಲ್ಲಿ ಹೋಗುತ್ತಿರುತ್ತಾನೆ. ಬರುವಾಗ ಅದೇ ಗಾಳಿ ಬೆನ್ನಿಗಿರುತ್ತದೆ, ಸರಿಹೋಯಿತು ಅನ್ನಿಸುತ್ತದೆ. ಸರಿಹೋಗುವುದಿಲ್ಲ. ಹೋಗುವಾಗ ಗಾಳಿಯ ತಡೆ 83 ನ್ಯೂಟನ್, ಬರುವಾಗ 21, ಸರಾಸರಿ 52. ಗಾಳಿಯೇ ಇಲ್ಲದ ದಿನ ಇದು 47. ವರ್ಗದ ಲೆಕ್ಕ ಇರುವಲ್ಲೆಲ್ಲ ಹೀಗೇ, ಹೋಗುವಾಗ ಕಳೆದದ್ದು ಬರುವಾಗ ಪೂರ್ತಿ ಸಿಗುವುದಿಲ್ಲ. ಟೈರಿನ ತಡೆಯನ್ನೂ ಸೇರಿಸಿ ನೋಡಿದರೆ ಹೋಗಿಬರುವ ಪ್ರಯಾಣದಲ್ಲಿ ಶೇ 6-7ರಷ್ಟು ನಷ್ಟ. ಈ ಸಂಖ್ಯೆಯನ್ನು ನೆನಪಿಡಿ, ಎಥೆನಾಲ್ ವಿಚಾರಕ್ಕೆ ಬಂದಾಗ ಬೇಕಾಗುತ್ತದೆ.

ಗಾಳಿಯನ್ನು ಪಳಗಿಸಲು ಹೊರಟವರ ಕಥೆ ನನಗೆ ತುಂಬ ಇಷ್ಟ. ಇಟಲಿಯ ಮೋಟೊ ಗುಜ್ಜಿ ಕಂಪನಿ 1950ರಲ್ಲೇ ಮಾಂಡೆಲ್ಲೊ ಡೆಲ್ ಲಾರಿಯೊದ ತನ್ನ ಕಾರ್ಖಾನೆಯಲ್ಲಿ ಗಾಳಿಸುರಂಗ ಕಟ್ಟಿತ್ತು. ಮುಂದಿನ ಚಕ್ರವನ್ನೂ ಪೂರ್ತಿ ಮುಚ್ಚುವ ಮೊಟ್ಟೆಯಂಥ ಕವಚಗಳು ರೇಸ್ ಬೈಕುಗಳಿಗೆ ಬಂದವು. ಸಣ್ಣ ಎಂಜಿನ್ನುಗಳೇ ದೈತ್ಯ ವೇಗ ತೋರಿದವು. ಆದರೆ ಅಡ್ಡಗಾಳಿ ಬೀಸಿದಾಗ ಬೈಕು ಹಿಡಿತ ತಪ್ಪುತ್ತಿತ್ತು. 1958ರಿಂದ ಅಂತರರಾಷ್ಟ್ರೀಯ ರೇಸುಗಳಲ್ಲಿ ಇಂಥ ಪೂರ್ಣ ಕವಚಕ್ಕೆ ನಿಷೇಧ ಬಿತ್ತು. ರೇಸಿನಲ್ಲಿ ಇಲ್ಲದ್ದು ಶೋರೂಮಿಗೆ ಬರುವುದು ಅಪರೂಪ, ಹಾಗಾಗಿ ಮೋಟಾರ್‌ಸೈಕಲಿನ ಆಕಾರ ಅಲ್ಲಿಗೇ ನಿಂತಿತು. ಎರಡು ದಶಕಗಳ ನಂತರ ಅಮೆರಿಕದ ವಿನ್ಯಾಸಕಾರ ಕ್ರೇಗ್ ವೆಟರ್ ಮತ್ತೆ ಅದನ್ನು ಕೈಗೆತ್ತಿಕೊಂಡರು. ಟ್ರಯಂಫ್ ಹರಿಕೇನ್ ಬೈಕಿಗೆ ರೂಪ ಕೊಟ್ಟವರು, ವಿಂಡ್‌ಜಾಮರ್ ಎಂಬ ಗಾಳಿತಡೆ ಮಾರಿ ಹಣ ಮಾಡಿದವರು. ತೈಲ ಬಿಕ್ಕಟ್ಟಿನ ಬಿಸಿ ಇನ್ನೂ ಆರದ 1980ರ ದಶಕದ ಮೊದಲರ್ಧದಲ್ಲಿ ಅವರು ಮೈಲೇಜಿನ ಸ್ಪರ್ಧೆಗಳನ್ನು ನಡೆಸಿದರು. ಸ್ಪರ್ಧಿಗಳು ಮನೆಯ ಶೆಡ್ಡುಗಳಲ್ಲಿ ಮೀನಿನಾಕಾರದ ಕವಚ ಕಟ್ಟಿಕೊಂಡು ಬಂದರು. 1985ರಲ್ಲಿ ಗೆದ್ದ ಸಣ್ಣ ಬೈಕು ಗ್ಯಾಲನ್ನಿಗೆ 470 ಮೈಲಿ ಓಡಿತು. ನಮ್ಮ ಲೆಕ್ಕದಲ್ಲಿ ಲೀಟರಿಗೆ 200 ಕಿ.ಮೀ.! ಯಾವ ಹೊಸ ಇಂಧನವೂ ಅಲ್ಲ, ಮಾಯದ ಎಂಜಿನ್ನೂ ಅಲ್ಲ. ಗಾಳಿಗೆ ದಾರಿ ಬಿಟ್ಟುಕೊಡುವ ಆಕಾರ, ಅಳವಡಿಸಿಕೊಂಡ ಗೇರು, ತಾಳ್ಮೆಯ ಕೈ. ಕೊಳ್ಳುವವರಿಗೆ ಮಾತ್ರ ಆ ರೂಪ ಹಿಡಿಸಲಿಲ್ಲ. ಬೈಕ್ ಬೈಕಿನಂತೆ ಕಾಣಬೇಕಲ್ಲ.

ನಮ್ಮ ದೇಶದ ದೊಡ್ಡ ಜಿಗಿತ ನಡೆದದ್ದು ಆಕಾರದಲ್ಲಲ್ಲ, ಎಂಜಿನ್ನಿನಲ್ಲಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಜಾವಾ, ಆಮೇಲೆ ಯೆಜ್ದಿ ಹೊರಟವು. 250 ಸಿಸಿ, ಟೂ ಸ್ಟ್ರೋಕ್. ಅದರ ಸದ್ದಿಗೆ ಇಂದಿಗೂ ತಲೆ ತಿರುಗಿಸುವವರಿದ್ದಾರೆ. ಅಂಥ ಸರಳ, ಕವಾಟಗಳಿಲ್ಲದ ಟೂ ಸ್ಟ್ರೋಕ್ ಎಂಜಿನ್ನನ್ನು ರೂಪಿಸಿದ್ದು 1890ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಬಾತ್ ಪಟ್ಟಣದ ಜೋಸೆಫ್ ಡೇ. ಅದರ ಸರಳತೆಯಲ್ಲೇ ಅದರ ದೋಷವೂ ಇತ್ತು. ಸುಟ್ಟ ಹೊಗೆಯನ್ನು ಹೊರದಬ್ಬುವ ಕೆಲಸ ಹೊಸದಾಗಿ ಒಳಬಂದ ಪೆಟ್ರೋಲ್-ಗಾಳಿಯದ್ದೇ. ದಬ್ಬುವ ಭರದಲ್ಲಿ ಅದೂ ಸ್ವಲ್ಪ ಸುಡದೆಯೇ ಸೈಲೆನ್ಸರಿನ ದಾರಿ ಹಿಡಿಯುತ್ತದೆ. ಸ್ವಲ್ಪ ಎಂದರೆ ಕಾಲು ಭಾಗದಿಂದ ಮೂರನೇ ಒಂದರವರೆಗೂ. ನಿಕೋಲಸ್ ಓಟ್ಟೊ 1876ರಲ್ಲಿ ಓಡಿಸಿ ತೋರಿಸಿದ ಫೋರ್ ಸ್ಟ್ರೋಕಿನಲ್ಲಿ ಹೊಗೆಗೆ ಒಂದು ಕವಾಟ, ಗಾಳಿಗೆ ಒಂದು ಕವಾಟ, ಎರಡಕ್ಕೂ ಬೇರೆ ಬೇರೆ ಸರದಿ. 1985ರಲ್ಲಿ ಹೀರೊ ಹೋಂಡಾ ಸಿಡಿ 100 ಬಂದು, ಟ್ಯಾಂಕ್ ತುಂಬಿಸಿ ಮರೆತುಬಿಡಿ ಎಂಬ ಅರ್ಥದ ಜಾಹೀರಾತು ಹೊಡೆದಾಗ ಅದರ ಹಿಂದಿದ್ದ ವಿಜ್ಞಾನ ಇಷ್ಟೇ. 97 ಸಿಸಿಯ ಆ ಎಂಜಿನ್ನಿನ ವಂಶ ಇವತ್ತಿಗೂ ಸ್ಪ್ಲೆಂಡರಿನಲ್ಲಿ ಓಡುತ್ತಿದೆ. ಹೊಗೆ ನಿಯಮಗಳೂ ಬಿಗಿಯಾದವು. ಮೈಸೂರಿನ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು.

ಇನ್ನು ಎಥೆನಾಲ್. ಒಂದು ಲೀಟರ್ ಎಥೆನಾಲಿನಲ್ಲಿರುವುದು ಸುಮಾರು 21 ಮೆಗಾಜೂಲ್, ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ. ಶೇ 20ರಷ್ಟು ಬೆರೆಸಿದ ಇ20ಯಲ್ಲಿ ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಶಕ್ತಿ ಶೇ 7ರಷ್ಟು ಕಡಿಮೆ, ಇ10ಕ್ಕೆ ಹೋಲಿಸಿದರೆ ಶೇ 3.5ರಷ್ಟು. ನೀತಿ ಆಯೋಗದ 2021ರ ವರದಿಯೇ ಹಳೆಯ ದ್ವಿಚಕ್ರ ವಾಹನಗಳಲ್ಲಿ ಶೇ 3-4ರಷ್ಟು ಮೈಲೇಜ್ ಇಳಿಯಬಹುದು ಎಂದಿತ್ತು. ಅಂದರೆ 50 ಕೊಡುತ್ತಿದ್ದ ಬೈಕು 48 ಕೊಡಬಹುದು. ಎಪ್ಪತ್ತು 48 ಆಗಲಾರದು. ಆಷಾಢದ ಗಾಳಿ ಕಸಿಯುವಷ್ಟನ್ನು, ಹೆಚ್ಚೆಂದರೆ, ಎಥೆನಾಲ್ ಕಸಿಯುತ್ತದೆ. ಆದ್ದರಿಂದ ಮೆಕ್ಯಾನಿಕ್ ಹೇಳಿದ್ದು ಪೂರ್ತಿ ಸರಿಯಲ್ಲ. ಏನೂ ಆಗುವುದಿಲ್ಲ ಎನ್ನುವವರದ್ದೂ ಸರಿಯಲ್ಲ. ಶಕ್ತಿ ಕಡಿಮೆ ಇರುವ ಇಂಧನಕ್ಕೆ ಬೆಲೆಯೂ ಕಡಿಮೆ ಇರಬೇಕು ಎಂದು ಅದೇ ವರದಿ ಸೂಚಿಸಿತ್ತು. ಆ ಪುಟವನ್ನು ಯಾರೂ ಓದಿದಂತಿಲ್ಲ. ಹಳೆಯ ಕಾರ್ಬ್ಯುರೇಟರ್ ಬೈಕುಗಳಿಗೆ ಇನ್ನೊಂದು ತೊಡಕಿದೆ. ಎಥೆನಾಲ್ ಉರಿಯಲು ಗಾಳಿ ಕಡಿಮೆ ಸಾಕು. ಪೆಟ್ರೋಲಿನ ಅಳತೆಗೆ ಕೊರೆದ ಜೆಟ್‌ಗೆ ಅದು ಗೊತ್ತಾಗದೆ ಮಿಶ್ರಣದಲ್ಲಿ ಗಾಳಿ ಜಾಸ್ತಿಯಾಗುತ್ತದೆ. 2020ರ ಏಪ್ರಿಲ್ ನಂತರದ ಬಿಎಸ್6 ಬೈಕುಗಳಲ್ಲಿ ಫ್ಯುಯಲ್ ಇಂಜೆಕ್ಷನ್ನಿನ ಸೆನ್ಸರ್ ಇದನ್ನು ತಕ್ಕಮಟ್ಟಿಗೆ ಸರಿದೂಗಿಸುತ್ತದೆ. ಮಲೆನಾಡಿನವರು ಮಳೆಗಾಲದಲ್ಲಿ ಟ್ಯಾಂಕಿನ ಮುಚ್ಚಳದ ರಬ್ಬರನ್ನು ನೋಡಿಕೊಳ್ಳುವುದು ಒಳ್ಳೆಯದು. ನೀರು ಹೆಚ್ಚು ಸೇರಿದರೆ ಎಥೆನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳಕ್ಕೆ ಕೂರುತ್ತದೆ.

ಬೆಲೆ ಏರಿದಾಗಲೆಲ್ಲ ಪೆಟ್ರೋಲ್ ಪೈಪಿಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಹಾಕುವ ಗುಳಿಗೆ ಮಾರುವವರೂ ಏಳುತ್ತಾರೆ. ಪೆಟ್ರೋಲಿನ ಅಣುಗಳನ್ನು ಅಯಸ್ಕಾಂತ "ಸಾಲಾಗಿ ನಿಲ್ಲಿಸುತ್ತದೆ" ಎಂಬ ಮಾತಿಗೆ ಭೌತಶಾಸ್ತ್ರದಲ್ಲಿ ಬುಡವಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದೆ. ಹೇಳಿಕೊಳ್ಳುವಂಥ ಉಳಿತಾಯ ಕೊಟ್ಟದ್ದು ಅವುಗಳಲ್ಲಿ ಸಿಗಲಿಲ್ಲ. ಬೆಳಗಿನ ತಂಪಿನಲ್ಲಿ ತುಂಬಿಸಿದರೆ ಹೆಚ್ಚು ಸಿಗುತ್ತದೆ ಎಂಬ ನಂಬಿಕೆಯಲ್ಲಿ ಎಳ್ಳಷ್ಟು ಸತ್ಯವಿದೆ. ಒಂದು ಡಿಗ್ರಿಗೆ ಪೆಟ್ರೋಲು ಶೇ 0.1ರಷ್ಟು ಹಿಗ್ಗುತ್ತದೆ. ಆದರೆ ಬಂಕಿನ ಟ್ಯಾಂಕು ನೆಲದೊಳಗಿದೆ, ಅಲ್ಲಿ ಬೆಳಗೂ ಮಧ್ಯಾಹ್ನವೂ ಹೆಚ್ಚುಕಡಿಮೆ ಒಂದೇ.

ಘಟ್ಟ ಇಳಿಯುವವರ ವಿಷಯ ಬಾಕಿ ಇದೆ. ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಬೈಕನ್ನು ನ್ಯೂಟ್ರಲ್‌ಗೆ ಹಾಕಿ ಜಾರುವುದು ಉಳಿತಾಯದ ಉಪಾಯವೆಂದು ಬಹಳ ಜನ ನಂಬಿದ್ದಾರೆ. ಇಂಜೆಕ್ಷನ್ ಬೈಕುಗಳಲ್ಲಿ ನಡೆಯುವುದು ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ. ಗೇರಿನಲ್ಲಿಟ್ಟು ಥ್ರಾಟಲ್ ಪೂರ್ತಿ ಬಿಟ್ಟರೆ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ಅದನ್ನು ಗುರುತಿಸಿದ ಕಂಪ್ಯೂಟರ್ ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತದೆ. ನ್ಯೂಟ್ರಲ್ಲಿನಲ್ಲಿ ಮಾತ್ರ ಎಂಜಿನ್ ಆರದಂತೆ ಹನಿಹನಿಯಾಗಿ ಕೊಡುತ್ತಲೇ ಇರಬೇಕು. ಮೇಲಾಗಿ ತಿರುವಿನಲ್ಲಿ ಎಂಜಿನ್ನಿನ ಹಿಡಿತ ಇಲ್ಲದೆ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಕಾರ್ಬ್ಯುರೇಟರ್ ಬೈಕಿಗೆ ಈ ಪೆಟ್ರೋಲಿನ ಲೆಕ್ಕ ಅನ್ವಯಿಸುವುದಿಲ್ಲ, ಬ್ರೇಕಿನದ್ದು ಅನ್ವಯಿಸುತ್ತದೆ.